ಪುತ್ತರಿ ಮುಗಿದ ಮೇಲೆ ವಲಿಯಪರಂಬ: ಹೌಸ್‌ಬೋಟಾ, ಸರ್ಕಾರಿ ಬೋಟಾ?

ಕಾಫಿಕಣ (ವಿರಾಜಪೇಟೆ):
ಎಲ್ಲರಿಗೂ ನಮಸ್ಕಾರ. ಅರೇಬಿಕಾ ಕೊಯ್ಲು ಮುಗೀತಾ ಬಂತು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದು ರೊಬಸ್ಟಾಗೆ ಕೈ ಹಾಕೋ ಮೊದಲು ಸಿಗೋ ಬಿಡುವಲ್ಲಿ ಅಮ್ಮನ್ನ, ಮಕ್ಕಳನ್ನ ಕರ್ಕೊಂಡು ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕಡೆ ಹೋಗೋಣ ಅಂತಿದ್ದೀವಿ. ಕವ್ವಾಯಿ ಕಾಯಲ್ (ಹಿನ್ನೀರು), ವಲಿಯಪರಂಬ ದ್ವೀಪ, ಆ ಕಡೆ. ಆಲಪ್ಪುಳ ಬೇಡವೇ ಬೇಡ, ಅದು ಜಾತ್ರೆ. ಅಮ್ಮನಿಗೆ ಮಂಡಿ ನೋವು, ಹತ್ತಿ ಇಳಿಯೋ ಜಾಗ ಆಗಲ್ಲ. ಹೌಸ್‌ಬೋಟ್ ಮಾಡ್ಲಾ, ಇಲ್ಲ ದಡದಲ್ಲೇ ಒಂದು ಮನೆ ಹಿಡಿದು ಸರ್ಕಾರಿ ಬೋಟಲ್ಲಿ ಓಡಾಡ್ಲಾ? ಹೋಗಿ ಬಂದವರು ಹೇಳಿ. ಅಲ್ಲಿ ಕನ್ನಡ ನಡೆಯುತ್ತಾ ಅನ್ನೋದನ್ನೂ.

ಗೋಣಿಕೊಪ್ಪ ಬುಲೆಟ್:
ಹೌಸ್‌ಬೋಟೇ ಮಾಡಿ ಅಣ್ಣ, ಯೋಚನೆ ಬೇಡ. ನಾವು ಹುಡುಗರೆಲ್ಲ ಹೋಗಿದ್ವಿ. ಕೊಟ್ಟಪ್ಪುರಂ ಜೆಟ್ಟಿಯಲ್ಲಿ ಹತ್ತೋದು, ಊಟ ಅವರೇ ಮಾಡಿ ಹಾಕ್ತಾರೆ. ಡೆಕ್ ಮೇಲೆ ಸ್ಪೀಕರ್ ಹಚ್ಚಿ ಕೂತ್ರೆ ಕೇಳೋರೇ ಇಲ್ಲ. ಸುತ್ತ ಒಂದು ನರಪಿಳ್ಳೆ ಇರಲ್ಲ, ಬರೀ ನೀರು, ತೆಂಗು. ಬಾಟ್ಲಿ ಮಾತ್ರ ಇಲ್ಲಿಂದ್ಲೇ ತಗೊಂಡು ಹೋಗಿ.

ಕರಿಕೆ ರಸ್ತೆ:
ಬಾಟ್ಲಿ ತಗೊಂಡು ಹೋಗಿ ಅಂತ ಹೇಳಿಕೊಡ್ಬೇಡ ತಮ್ಮ. ಗಡಿಯಲ್ಲಿ ಕೇರಳ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡ್ತಾರೆ, ಅಮ್ಮ ಮಕ್ಕಳ ಎದುರು ಮರ್ಯಾದೆ ಹೋಗುತ್ತೆ. ಅಲ್ಲಿ ತಗೊಳ್ಳೋದಾದ್ರೂ ಒಂದನೇ ತಾರೀಖು ಕೇರಳದಲ್ಲಿ ಡ್ರೈ ಡೇ, ನೆನಪಿರಲಿ.
ಕಾಫಿಕಣ ಅವರೇ, ನಿಮಗೆ ಎರಡು ದಾರಿ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಇರಿಟ್ಟಿ, ತಳಿಪರಂಬ, ಪಯ್ಯನ್ನೂರು. ಇಲ್ಲಾಂದ್ರೆ ನಮ್ಮ ದಾರಿ: ಭಾಗಮಂಡಲ, ಕರಿಕೆ, ಪಾಣತ್ತೂರು, ಕಾಞಂಗಾಡ್. ನಮ್ಮದು ಚಂದ, ಕಾಡೊಳಗೇ ಇಳಿಯುತ್ತೆ. ಆದ್ರೆ ಸಪೂರ ರಸ್ತೆ, ತಿರುವಿನ ಮೇಲೆ ತಿರುವು. ಅಮ್ಮನಿಗೆ ವಾಂತಿ ಬರೋದಾದ್ರೆ ಮಾಕುಟ್ಟವೇ ವಾಸಿ. ಮಳೆಗಾಲದಲ್ಲಿ ಕೇಳಿದ್ದರೆ ಎರಡೂ ಬೇಡ ಅಂತಿದ್ದೆ. 2018ರಿಂದ ಈಚೆಗೆ ಮಾಕುಟ್ಟದ ಗುಡ್ಡವನ್ನ ಜುಲೈ ತಿಂಗಳಲ್ಲಿ ನಂಬೋ ಹಾಗಿಲ್ಲ.

ಚೆರುವತ್ತೂರ ಮಗಳು (ಈಗ ಮಡಿಕೇರಿ):
ಬುಲೆಟ್ ಅವರೇ, ನರಪಿಳ್ಳೆ ಇರಲ್ಲ ಅಂದ್ರಲ್ಲ, ನೀರಲ್ಲಿ ಸಾಲಾಗಿ ನೆಟ್ಟ ಬಿದಿರು ಕಂಬ ನೋಡಿದ್ರಾ? ಮೀನಿನ ಬಲೆಗೆ ನೆಟ್ಟಿದ್ದು ಅಂದ್ಕೊಂಡಿರ್ತೀರಿ. ಅದು ಕಲ್ಲುಮ್ಮಕ್ಕಾಯಿ ಬೇಸಾಯ, ತಿನ್ನೋ ಚಿಪ್ಪುಜೀವಿ, ಮಂಗಳೂರಿನವರ ಪಚ್ಚಿಲೆ. ಸಮುದ್ರದ ಬಂಡೆಯಿಂದ ಕೆರೆದು ತಂದ ಉಗುರಿನಷ್ಟು ಮರಿಗಳನ್ನ ಹಗ್ಗದ ಸುತ್ತ ಇಟ್ಟು, ಮೇಲೆ ತೆಳು ಹತ್ತಿ ಬಟ್ಟೆ ಸುತ್ತಿ ಹೊಲೀತಾರೆ. ಅಂಗಳದಲ್ಲಿ ನಾಲ್ಕು ಹೆಂಗಸರು ಕೂತು ಒಬ್ಬರು ಹಗ್ಗ ಹಿಡಿದು, ಒಬ್ಬರು ಸುರಿದು, ಒಬ್ಬರು ಹೊಲಿದು, ಕೈ ಎಲ್ಲ ಸೀಳಿರುತ್ತೆ. ಆಮೇಲೆ ಆ ಹಗ್ಗಗಳನ್ನ ಬಿದಿರಿನ ಚಪ್ಪರಕ್ಕೆ ಕಟ್ಟಿ ನೀರಿಗೆ ಇಳಿಬಿಡೋದು. ಕೆಲವೇ ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತೆ, ಅಷ್ಟರಲ್ಲಿ ಮರಿಗಳು ತಾವೇ ಹಗ್ಗಕ್ಕೆ ಕಚ್ಚಿಕೊಂಡಿರ್ತವೆ. ನೀವು ಪುತ್ತರಿ ಕದಿರು ತೆಗೆಯೋ ಹೊತ್ತಿಗೆ ಅಲ್ಲಿ ಬಿತ್ತನೆ. ಮೇ ಒಳಗೆ ಕೀಳಲೇಬೇಕು. ಜೂನ್ ಮಳೆಗೆ ಹೊಳೆಗಳು ಸಿಹಿನೀರು ತಂದು ಸುರಿದ್ರೆ ಉಪ್ಪು ಹೋಗಿ ಇಡೀ ಫಸಲು ಸಾಯುತ್ತೆ.
ನೀವು ಸ್ಪೀಕರ್ ಹಾಕಿದ ಮಧ್ಯಾಹ್ನ ದಡದ ಮನೆಗಳಲ್ಲಿ ಜನ ಮಲಗಿದ್ರು. ಬೆಳಗಿನ ಜಾವ ಕತ್ತಲಲ್ಲಿ ಬಲೆಗೆ ಹೋಗಿ ಬಂದವರು. ನೀರಿನ ಮೇಲೆ ಶಬ್ದ ಎಷ್ಟು ದೂರ ಹೋಗುತ್ತೆ ಗೊತ್ತಲ್ಲ.
ಕಾಫಿಕಣ ಅಣ್ಣ, ಕನ್ನಡ ನಡೆಯೋದು ಚಂದ್ರಗಿರಿ ಹೊಳೆಯ ಉತ್ತರಕ್ಕೆ. ನಮ್ಮ ಕಡೆ ಪೂರ್ತಿ ಮಲಯಾಳ. ಮನೆಯಲ್ಲಿ ಕೊಡವ ತಕ್ಕ್ (ಕೊಡವ ಭಾಷೆ) ಆಡೋರಾದ್ರೆ ಹೇಗೋ ನಿಭಾಯಿಸ್ತೀರಿ.

ಅಮ್ಮತ್ತಿ ಅಡ್ಡಾ:
ಕಾಸರಗೋಡೇ ನಮ್ಮದಾಗಬೇಕಿತ್ತು. ರಾಜ್ಯಗಳ ಗಡಿ ಬಗ್ಗೆ ಬಂದ 1967ರ ಮಹಾಜನ ವರದಿ ಓದಿ ಎಲ್ಲರೂ.

ನಿರ್ವಾಹಕ:
ಆ ವರದಿ ಹೇಳಿದ್ದೂ ಚಂದ್ರಗಿರಿಯ ಉತ್ತರದ ಬಗ್ಗೆ. ನೀಲೇಶ್ವರ ಇರೋದು ದಕ್ಷಿಣಕ್ಕೆ. ಇಲ್ಲಿ ಪ್ರವಾಸದ ಮಾತು ನಡೀತಿದೆ, ಅದನ್ನ ಬೇರೆ ಕಡೆ ತೆಗೀರಿ.

ಹೋಂಸ್ಟೇ ಬಾವ (ಗಾಳಿಬೀಡು ಕಡೆ):
ನನ್ನದೊಂದು ತಕರಾರು. ಇಂಥ ಜಾಗದ ಹೆಸರನ್ನ ಹೀಗೆ ಬಯಲಲ್ಲಿ ಯಾಕ್ರೀ ಬರೀತೀರಿ? ಮಾಂದಲಪಟ್ಟಿಗೆ ಏನಾಯ್ತು ನೋಡಿದ್ದೀವಿ. ಮೊದಲು ದನ ಮೇಯಿಸೋರು, ನಾವು ನಾಲ್ಕು ಜನ ಹೋಗ್ತಿದ್ದ ಬೆಟ್ಟ. ಈಗ ಶನಿವಾರ ಬೆಳಗಾದ್ರೆ ಜೀಪ್ ಸಾಲು, ದಾರಿಯುದ್ದಕ್ಕೂ ಬಾಟ್ಲಿ, ಚಿಪ್ಸ್ ಕವರು. ವೀಕೆಂಡ್‌ನಲ್ಲಿ ಮಡಿಕೇರಿ ಪೇಟೆಗೆ ಮಾತ್ರೆ ತರೋಕೆ ಹೋಗಬೇಕು ಅಂದ್ರೂ ಯೋಚನೆ ಮಾಡೋ ಹಾಗಾಗಿದೆ. ಶಾಂತವಾಗಿರೋ ಊರು ಶಾಂತವಾಗೇ ಇರಲಿ. ಬೇಕಾದವರು ಇನ್‌ಬಾಕ್ಸಲ್ಲಿ ಕೇಳ್ಕೊಳ್ಳಿ.

ಚೆರುವತ್ತೂರ ಮಗಳು:
ಬಾವ, ನಿಮ್ಮ ಗೇಟಿನ ಹತ್ತಿರ ಇರೋ ಬೋರ್ಡು ಇಳಿಸಿ ಬಂದು ಈ ಮಾತು ಹೇಳಿ. ನಮ್ಮೂರನ್ನ ಗುಟ್ಟಾಗಿಡಿ ಅಂತ ನಾವು ಯಾರ ಹತ್ತಿರವೂ ಕೇಳಿಲ್ಲ. ಕಲ್ಲುಮ್ಮಕ್ಕಾಯಿ ಒಂದು ವರ್ಷ ಕೊಟ್ರೆ ಇನ್ನೊಂದು ವರ್ಷ ಕೈ ಕೊಡುತ್ತೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಬಂದವರಿಗೆ ಊಟ ಮಾಡಿ ಹಾಕೋ ದುಡ್ಡಲ್ಲೇ ಹುಡುಗಿಯ ಕಾಲೇಜು ಫೀಸ್ ಕಟ್ಟಿದ್ದು. ಸರ್ಕಾರವೂ ಮಲನಾಡ್ ಮಲಬಾರ್ ರಿವರ್ ಕ್ರೂಸ್ ಅಂತ ಯೋಜನೆ ಹಾಕಿ ಜೆಟ್ಟಿ ಕಟ್ಟಿಸಿದೆ. ನೀವು ಇಲ್ಲಿ ಹೆಸರು ಬರೀದೆ ಇದ್ರೆ ಯಾರಿಗೂ ಗೊತ್ತಾಗಲ್ಲ ಅನ್ನೋದೆಲ್ಲ ಸುಳ್ಳು. ಬರಲಿ. ಬಂದು ಹೇಗಿರಬೇಕು ಅನ್ನೋದನ್ನ ಹೇಳಿ, ಬರಬೇಡಿ ಅನ್ನೋದನ್ನಲ್ಲ.

ಹೋಂಸ್ಟೇ ಬಾವ:
ಬೋರ್ಡು ಇದೆ, ಇಲ್ಲ ಅನ್ನಲ್ಲ. ಕಾಳುಮೆಣಸಿಗೆ ರೇಟು ಬಿದ್ದ ವರ್ಷ ಅದೇ ನಮ್ಮನ್ನ ಕಾಪಾಡಿದ್ದು. ಅದರ ಹಿಂದೆ ಏನೇನು ಬರುತ್ತೆ ಅಂತ ಬೋರ್ಡು ಹಾಕಿದವನಿಗೇ ಚೆನ್ನಾಗಿ ಗೊತ್ತಿರೋದು, ಅದಕ್ಕೇ ಹೇಳ್ತಿದ್ದೀನಿ. ಮೊದಲು ಊರಿನವರ ಎರಡು ಕೋಣೆ. ಆಮೇಲೆ ಹೊರಗಿನವರು ಎಕರೆಗಟ್ಟಲೆ ಕೊಂಡು ಕಟ್ಟಿದ ರೆಸಾರ್ಟು. ಕೊನೆಗೆ ಊರಿನ ಹುಡುಗರು ಅದರ ಗೇಟಲ್ಲಿ ಸೆಕ್ಯೂರಿಟಿ.

ಹಳೇ ಮೇಷ್ಟ್ರು (ನಾಪೋಕ್ಲು):
ಇಬ್ಬರ ಮಾತಲ್ಲೂ ಒಂದು ಸಂಗತಿ ಬಿಟ್ಟುಹೋಗಿದೆ, ಕುಡಿಯುವ ನೀರು. ವಲಿಯಪರಂಬ ಅಂದರೆ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಯಲ್, ನಡುವೆ ಉದ್ದಕ್ಕೆ ಎಳೆದ ಮರಳಿನ ಪಟ್ಟಿ. ಅಂಥ ಮರಳಿನ ನೆಲದಲ್ಲಿ ಬಾವಿಗೆ ಸಿಹಿನೀರು ಸಿಗೋದು ಮಳೆನೀರು ಒಳಗಿಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಲ್ಲುವುದರಿಂದ. ಪಂಪು ಇಟ್ಟು ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ನಮ್ಮಲ್ಲಿ ರೆಸಾರ್ಟಿನ ಬೋರ್‌ವೆಲ್‌ನಿಂದ ಪಕ್ಕದ ತೋಟದ ಕೆರೆ ಬತ್ತಿದರೆ ಮುಂದಿನ ಮಳೆಗಾದರೂ ಆಸೆ ಇಟ್ಟುಕೊಳ್ಳಬಹುದು. ಅಲ್ಲಿ ಒಮ್ಮೆ ಬಾವಿ ಉಪ್ಪಾದರೆ ಸರಿಹೋಗಲು ಎಷ್ಟು ಕಾಲ ಬೇಕೋ.
ಹೌಸ್‌ಬೋಟಿನದ್ದು ಇನ್ನೊಂದು. ಆಲಪ್ಪುಳದ ವೇಂಬನಾಡು ಕಾಯಲಿನಲ್ಲಿ ನೂರಾರು ಬೋಟುಗಳ ಕೊಳಚೆ, ಡೀಸೆಲ್ ಏನು ಮಾಡಿದೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಬೋಟು ಕಡಿಮೆ ಇದ್ದಾಗಲೇ ಶೌಚದ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ಒಳ್ಳೆಯದು. ಬುಕ್ ಮಾಡುವಾಗ ನೇರವಾಗಿ ಕೇಳಿ, ಟ್ಯಾಂಕ್ ಇದೆಯೇ, ಎಲ್ಲಿ ಖಾಲಿ ಮಾಡುತ್ತೀರಿ ಎಂದು. ತಡವರಿಸಿದರೆ ಬೇರೆ ಬೋಟು ನೋಡಿ.

ಕರಿಕೆ ರಸ್ತೆ:
ಮೇಷ್ಟ್ರೇ, ನೀರು ಅಂದಾಗ ನೆನಪಾಯ್ತು. ನೀಲೇಶ್ವರದ ಹತ್ತಿರ ಸಮುದ್ರ ಸೇರೋ ತೇಜಸ್ವಿನಿ, ಕಾರ್ಯಂಗೋಡು ಹೊಳೆ ಅಂತಾರಲ್ಲ, ಅದು ಹುಟ್ಟೋದು ಕೊಡಗಿನ ಕಾಡಲ್ಲೇ. ನಮ್ಮಲ್ಲಿ ಹೊಳೆಗೆ ಎಸೆದ ಡೈಪರ್, ಗೊಬ್ಬರದ ಚೀಲ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಪ್ರವಾಸಕ್ಕೆ ಹೋದಾಗ ಮಾತ್ರ ಶುದ್ಧ ನೀರು ಬೇಕು.

ಗೋಣಿಕೊಪ್ಪ ಬುಲೆಟ್:
ಎಲ್ಲರೂ ನನ್ನ ಮೇಲೇ ಬಂದ್ರಲ್ಲ. ದುಡ್ಡು ಕೊಟ್ಟು ಬೋಟ್ ಮಾಡಿದ್ದು ರೀ, ಪುಕ್ಕಟೆ ಅಲ್ಲ. ಬೋಟಿನವರೇ ಸ್ಪೀಕರ್ ಇಟ್ಟಿದ್ರು. ಬೇಡ ಅನ್ನೋದಾದ್ರೆ ಅವರು ತೆಗೀಲಿ. ನಾವು ಬೆಂಗಳೂರಿನವರಿಗೆ ಹೇಳಿದ ಹಾಗೆ ನೀವು ನಮಗೆ ಹೇಳ್ತಿದ್ದೀರಿ.

ಹೋಂಸ್ಟೇ ಬಾವ:
ಹೌದು, ಹಾಗೇ ಹೇಳ್ತಿರೋದು. ಗಡಿ ದಾಟಿದ ಮೇಲೆ ನೀನೂ ಬೆಂಗಳೂರಿನವನೇ.

ಚೆರುವತ್ತೂರ ಮಗಳು:
ಬುಲೆಟ್ ಹೇಳಿದ್ದರಲ್ಲೂ ಅರ್ಧ ಸರಿ ಇದೆ. ಬೋಟಿನವರು ಗಿರಾಕಿ ಕೇಳ್ತಾರೆ ಅಂತ ಇಡ್ತಾರೆ, ಗಿರಾಕಿ ಬೇಡ ಅಂದ್ರೆ ಅವರಿಗೂ ಖುಷಿ. ಆ ಬೋಟಿನ ಅಡುಗೆಯವರು, ಡ್ರೈವರು ಎಲ್ಲ ಸುತ್ತಲಿನ ಊರಿನವರೇ. ಅದಕ್ಕೇ ಮೇಷ್ಟ್ರ ಹಾಗೆ ನಾನು ಹೌಸ್‌ಬೋಟನ್ನ ಪೂರ್ತಿ ಬೇಡ ಅನ್ನಲ್ಲ.

ಹಳೇ ಮೇಷ್ಟ್ರು:
ಪೂರ್ತಿ ಬೇಡ ಅಂತ ನಾನೂ ಹೇಳಿಲ್ಲಮ್ಮ, ಲೆಕ್ಕ ಕೇಳಿ ಅಂದೆ. ಆಲಪ್ಪುಳದಲ್ಲೂ ಕೆಲಸ ಮಾಡೋದು ಊರಿನವರೇ.

ಕಾಫಿಕಣ:
ಅಯ್ಯೋ, ನಾನು ಮಂಡಿ ನೋವಿನ ಬಗ್ಗೆ ಕೇಳಿದ್ದು. ಅಮ್ಮ ಸರ್ಕಾರಿ ಬೋಟ್ ಹತ್ತೋಕೆ ಆಗುತ್ತಾ ಇಲ್ವಾ, ಅದೊಂದು ಹೇಳಿ. ಇನ್ನೊಂದು, ಮಗ ಡ್ರೋನ್ ತಗೊಂಡು ಬರ್ತೀನಿ ಅಂತಿದ್ದಾನೆ. ಅಲ್ಲಿ ತೆಯ್ಯಂ (ನಮ್ಮ ಭೂತಕೋಲದಂಥ ದೈವಾರಾಧನೆ) ಇದ್ರೆ ಅದನ್ನೂ ಮೇಲಿಂದ ತೆಗೀಬೇಕಂತೆ.

ಕರಿಕೆ ರಸ್ತೆ:
ಡ್ರೋನ್ ಮನೆಯಲ್ಲೇ ಇಟ್ಟು ಬನ್ನಿ. ಪಯ್ಯನ್ನೂರು ಪಕ್ಕದ ಏಳಿಮಲೆಯಲ್ಲಿ ನೌಕಾಪಡೆಯ ಅಕಾಡೆಮಿ ಇದೆ. ಕಾಯಲಿನ ದಕ್ಷಿಣದ ತುದಿ ಅದರ ಬುಡದಲ್ಲೇ ಅನ್ನಬಹುದು. ರಕ್ಷಣಾ ಜಾಗದ ಹತ್ತಿರ ಹಾರಿಸಿದ್ರೆ ಡ್ರೋನೂ ಹೋಯ್ತು, ಪ್ರವಾಸವೂ ಠಾಣೆಯಲ್ಲಿ ಮುಗೀತು.
ತೆಯ್ಯಂ ಬಗ್ಗೆ ಹೇಳೋದಾದ್ರೆ, ಅದೇ ಥರ ದೈವ ಕಟ್ಟೋ ನಮ್ಮೂರ ತೆರೆಯಲ್ಲಿ ಯಾರಾದ್ರೂ ತಲೆ ಮೇಲೆ ಗುಯ್ಯ್ ಅನ್ನೋ ಮಿಷನ್ ಹಾರಿಸಿದ್ರೆ ನೀವು ಸುಮ್ಮನಿರ್ತೀರಾ? ಅಷ್ಟೇ.

ಚೆರುವತ್ತೂರ ಮಗಳು:
ಡಿಸೆಂಬರ್ ಅಂದ್ರೆ ತೆಯ್ಯಂ ಕಾಲವೇ, ಯಾವುದಾದ್ರೂ ಕಾವಲ್ಲಿ (ದೇವರ ಬನದಲ್ಲಿ) ನಡೀತಿರುತ್ತೆ. ಉಳ್ಕೊಂಡ ಮನೆಯವರನ್ನ ಕೇಳಿ, ಅವರೇ ಕರ್ಕೊಂಡು ಹೋಗ್ತಾರೆ. ಫೋಟೋಗೆ ಮೊದಲು ಅಲ್ಲಿನ ಹಿರಿಯರನ್ನ ಕೇಳಿ, ಫ್ಲಾಶ್ ಬೇಡ.
ಈಗ ಅಮ್ಮನ ವಿಷಯ. ಸರ್ಕಾರಿ ಬೋಟು ನಮಗೆ ಬಸ್ಸು ಇದ್ದ ಹಾಗೆ, ಬೆಳಿಗ್ಗೆ ಸಂಜೆ ಶಾಲೆ ಮಕ್ಕಳು, ಕೆಲಸಕ್ಕೆ ಹೋಗೋರು ತುಂಬಿರ್ತಾರೆ. ಆ ಹೊತ್ತಲ್ಲಿ ಹತ್ತಬೇಡಿ, ನಡುಹಗಲಲ್ಲಿ ಹತ್ತಿ. ಜೆಟ್ಟಿ ಇದ್ದಲ್ಲೇ ಇರುತ್ತೆ, ನೀರು ಏರಿ ಇಳಿಯುತ್ತೆ. ಭರತದ ಹೊತ್ತಿಗೆ ಬೋಟಿನ ಅಂಚು ಜೆಟ್ಟಿಗೆ ಸಮ ಬಂದಿರುತ್ತೆ, ಒಂದು ಹೆಜ್ಜೆ, ಮುಗೀತು. ಇಳಿತದಲ್ಲಿ ಬೋಟು ಕೆಳಗಿರುತ್ತೆ, ಟೈರು ಮೆಟ್ಟಿ ಇಳೀಬೇಕು, ಅಮ್ಮನ ಕೈಲಿ ಆಗಲ್ಲ.
ಅದಕ್ಕೇ ಒಂದು ಮಾತು. ಪುತ್ತರಿ ಬರೋದು ಹುಣ್ಣಿಮೆ ಆಸುಪಾಸಲ್ಲಿ ಅಲ್ವಾ? ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜೋರು. ಪುತ್ತರಿ ಮುಗಿದ ಕೂಡಲೇ ಹೊರಡಬೇಡಿ. ಒಂದು ವಾರ ಬಿಟ್ಟು ಅಷ್ಟಮಿ ಹೊತ್ತಿಗೆ ಬನ್ನಿ, ನೀರು ಅಷ್ಟಾಗಿ ಏರಲ್ಲ, ಇಳಿಯಲ್ಲ. ಮನೆಯನ್ನ ಕಾಯಲಿನ ಮಗ್ಗುಲಲ್ಲಿ ಹಿಡೀರಿ. ಸಮುದ್ರದ ಕಡೆ ಮರಳಲ್ಲಿ ಅಮ್ಮನಿಗೆ ನಡೆಯೋದು ಕಷ್ಟ. ಒಂದು ಅರ್ಧ ದಿನ ಚಿಕ್ಕ ಬೋಟ್ ಮಾಡಿಕೊಳ್ಳಿ, ಹಗ್ಗ ಕಟ್ಟೋದು ನೋಡಬೇಕು ಅಂತ ಹೇಳಿದ್ರೆ ಹತ್ತಿರ ಕರ್ಕೊಂಡು ಹೋಗ್ತಾರೆ. ರಾತ್ರಿ ಹೌಸ್‌ಬೋಟಿನ ಅಗತ್ಯ ನಿಮಗಿದೆ ಅಂತ ನನಗೆ ಕಾಣ್ತಿಲ್ಲ. ಸಂಜೆ ಆದ್ರೆ ಅದನ್ನೂ ದಡಕ್ಕೇ ಕಟ್ಟಿ ಹಾಕ್ತಾರೆ.

ಕಾಫಿಕಣ:
ಇದು ಬೇಕಿತ್ತು ನನಗೆ. ಹಾಗಾದ್ರೆ ಪುತ್ತರಿ ಕಳೆದು ವಾರ ಬಿಟ್ಟು, ಮಾಕುಟ್ಟ ದಾರಿ, ದಡದ ಮನೆ. ಹೌಸ್‌ಬೋಟ್ ಬಿಟ್ಟೆ. ಬುಲೆಟ್, ಬೇಜಾರಾಗ್ಬೇಡ.

ಗೋಣಿಕೊಪ್ಪ ಬುಲೆಟ್:
ನನಗೇನು ಬೇಜಾರು. ಅಕ್ಕ, ಅಕ್ಕಿ ತುಂಬಿದ ಆ ಕಲ್ಲುಮ್ಮಕ್ಕಾಯಿ ಎಲ್ಲಿ ಸಿಗುತ್ತೆ? ಬೋಟಲ್ಲಿ ಕೊಟ್ಟಿರಲಿಲ್ಲ.

ಚೆರುವತ್ತೂರ ಮಗಳು:
ಅರಿಕಡುಕ್ಕ. ಸಂಜೆ ಚಹಾ ಅಂಗಡಿಗಳಲ್ಲಿ ಕೇಳಿ, ಗಾಜಿನ ಪೆಟ್ಟಿಗೆಯಲ್ಲಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಪಕ್ಕದಲ್ಲೇ ಇರುತ್ತೆ. ಬೇಗ ಹೋಗಿ, ಆರು ಗಂಟೆ ಮೇಲೆ ಉಳಿಯಲ್ಲ.