12.5 ಡಿಗ್ರಿಯಲ್ಲಿ ಬೇಡದ ಪೀಕ್, (002) ಕೂಡ ಜರುಗಿದೆ: ಯಾರಿಗಾದರೂ ಹೀಗಾಗಿದೆಯಾ?

ಪ್ರಶ್ನೆ: ಬ್ಯಾಟರಿಗೆಂದು ಪಿ2 ರಚನೆಯ (ಪದರಗಳ ನಡುವೆ ಸೋಡಿಯಂ ಕೂತಿರುವ) ಸೋಡಿಯಂ ಮ್ಯಾಂಗನೀಸ್ ಆಕ್ಸೈಡ್ ಮಾಡಿದ್ದೇನೆ. ಎಕ್ಸ್‌ಆರ್‌ಡಿ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಕಾಪರ್ ಟ್ಯೂಬ್‌ನದು. ಪದರಗಳ ಅಂತರ ತೋರಿಸುವ (002) ಪೀಕ್ 15.9 ಡಿಗ್ರಿ ಹತ್ತಿರ ಇರಬೇಕಿತ್ತು, 15.7ಕ್ಕೆ ಬಂದಿದೆ. 12.5ರಲ್ಲಿ ಇನ್ನೊಂದು ಸಣ್ಣ ಪೀಕ್. ಫರ್ನೇಸಿನಿಂದ ತೆಗೆದ ದಿನ ಅದು ಇರಲಿಲ್ಲ. ಗೈಡ್ ಮತ್ತೆ ಕಾಯಿಸು ಅನ್ನುತ್ತಾರೆ. ಕಾಯಿಸಲಾ?

ಉತ್ತರ: ಸ್ವಲ್ಪ ತಡೆಯಿರಿ. 900 ಡಿಗ್ರಿಯಲ್ಲಿ ಸೋಡಿಯಂ ಆವಿಯಾಗಿ ಹೋಗುತ್ತದೆ, ಸುಮ್ನೆ ಮತ್ತೆ ಕಾಯಿಸಿದರೆ ಇನ್ನಷ್ಟು ಕೆಡಬಹುದು. ನಿಮ್ಮ ಹತ್ತಿರ ಇರುವುದು ಎರಡು ಬೇರೆ ತೊಂದರೆ ಅನಿಸುತ್ತದೆ.

12.5ರದ್ದು ಬಹುತೇಕ ನೀರು. ಗಾಳಿಯ ತೇವ ಪದರಗಳ ನಡುವೆ ಹೊಕ್ಕರೆ ಅಂತರ ಸುಮಾರು 5.6 ಆಂಗ್‌ಸ್ಟ್ರಾಮ್‌ನಿಂದ 7.1ಕ್ಕೆ ಏರುತ್ತದೆ; ಅಂತರ ಹಿಗ್ಗಿದಷ್ಟೂ ಪೀಕ್ ಎಡಕ್ಕೆ, ಅಂದರೆ ಕಡಿಮೆ ಡಿಗ್ರಿಗೆ, ಬರುತ್ತದೆ. 25 ಡಿಗ್ರಿ ಹತ್ತಿರ ನೋಡಿ, ಇದರದೇ ಜೋಡಿ ಪೀಕ್ ಇರಬೇಕು. ಮಳೆಗಾಲದಲ್ಲಿ ಪುಡಿಯನ್ನು ಮುಚ್ಚಳ ಸಡಿಲ ಇರುವ ವೈಲ್‌ನಲ್ಲಿ ಇಟ್ಟರೆ ಇದು ಮಾಮೂಲಿ. ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ, ಗಾಳಿ ತಾಗದ ಹೋಲ್ಡರಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ಪೀಕ್ ಕುಗ್ಗಿದರೆ ಕಾರಣ ಸಿಕ್ಕಂತೆ. ಆದರೆ ನೀರು ಹೋದರೂ, ಗಾಳಿ ತಾಗಿ ಕಾರ್ಬೊನೇಟ್ ಆಗಿ ಹೊರಗೆ ಬಂದ ಸೋಡಿಯಂ ತಾನಾಗಿ ಒಳಗೆ ಹೋಗಲ್ಲ.

(ಕೋಬಾಲ್ಟಿನ ಇಂಥದೇ ಆಕ್ಸೈಡಿಗೆ ಬೇಕಂತಲೇ ನೀರು ಸೇರಿಸಿದಾಗ ಅಂತರ 9.8ಕ್ಕೆ ಹೋಯಿತು, ಸುಮಾರು 5 ಕೆಲ್ವಿನ್‌ನಲ್ಲಿ ಅದು ಸೂಪರ್‌ಕಂಡಕ್ಟರ್ ಆಯಿತು. 2003ರಲ್ಲಿ ಜಪಾನಿನವರು ಕಂಡದ್ದು. ನಿಮ್ಮ ಗೈಡಿಗೆ ಹೇಳಿ!)

ಇನ್ನೊಬ್ಬರು: 15.7ರ ಬಗ್ಗೆ ನಾನು ಹೇಳುತ್ತೇನೆ. ಒಂದೇ ಪೀಕ್ ನೋಡಿ ತೀರ್ಮಾನ ಮಾಡಬೇಡಿ. 32ರ ಹತ್ತಿರದ (004) (ಇದೂ ಪದರಗಳ ಅಂತರದ್ದೇ), 35.8ರ ಹತ್ತಿರದ (100) (ಇದು ಪದರದ ಅಡ್ಡ ಅಳತೆಯದು), ಇವು ಯಾವ ಕಡೆ ಜರುಗಿವೆ?

ಎಲ್ಲವೂ ಹೆಚ್ಚುಕಡಿಮೆ ಅಷ್ಟೇ ಎಡಕ್ಕೆ ಬಂದಿದ್ದರೆ ಪುಡಿ ಹೋಲ್ಡರಿನಲ್ಲಿ ತಗ್ಗಿ ಕೂತಿದೆ. ಗೋನಿಯೋಮೀಟರ್ (ಯಂತ್ರದಲ್ಲಿ ಕೋನ ಅಳೆಯುವ ಭಾಗ) ರೇಡಿಯಸ್ 150 ಮಿ.ಮೀ. ಇದ್ದರೆ 0.1 ಮಿ.ಮೀ. ತಗ್ಗಿಗೇ ಸುಮಾರು 0.08 ಡಿಗ್ರಿ ಹೋಗುತ್ತದೆ. ನಿಮ್ಮ 0.2ಕ್ಕೆ ಕಾಲು ಮಿಲಿಮೀಟರ್ ಸಾಕು. ಗಾಜಿನ ಸ್ಲೈಡ್ ಒತ್ತಿ ಪುಡಿಯನ್ನು ಅಂಚಿನ ಮಟ್ಟಕ್ಕೆ ತನ್ನಿ.

ಆದರೆ (002), (004) ಎಡಕ್ಕೆ ಹೋಗಿ (100) ಬಲಕ್ಕೆ ಹೋಗಿದ್ದರೆ ಎತ್ತರದ ಮಾತಲ್ಲ, ಸೋಡಿಯಂ ಕಮ್ಮಿ ಇದೆ. ನಡುವೆ ಸೋಡಿಯಂ ಕಡಿಮೆಯಾದಾಗ ಎರಡು ಕಡೆಯ ಆಕ್ಸಿಜನ್ ಪದರಗಳು ಒಂದನ್ನೊಂದು ಜಾಸ್ತಿ ದೂಡುತ್ತವೆ, ಅಂತರ ಹಿಗ್ಗುತ್ತದೆ. ಮ್ಯಾಂಗನೀಸ್ ಆಕ್ಸಿಡೈಸ್ ಆಗಿ ಚಿಕ್ಕದಾಗುವುದರಿಂದ ಪದರ ಅಡ್ಡಕ್ಕೆ ಕುಗ್ಗುತ್ತದೆ. ಐಸಿಪಿ (ಯಾವ ಧಾತು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿದರೆ ಖಚಿತವಾಗುತ್ತದೆ.

ಕೇಳಿದವರು: 25ರಲ್ಲೂ ಪೀಕ್ ಇದೆ! (100) ಮಾತ್ರ ಅಗಲವಾಗಿದೆ, ಯಾವ ಕಡೆ ಅಂತ ಹೇಳಲಾಗುತ್ತಿಲ್ಲ. 14.2ರಲ್ಲಿ ಏನೋ ಚೂರು ಕಾಣುತ್ತಿದೆ.

ಇನ್ನೊಬ್ಬರು: 14.2ರದ್ದು ಕೆ ಬೀಟಾ (ಕಾಪರ್ ಟ್ಯೂಬ್‌ನಿಂದ ಬರುವ ಇನ್ನೊಂದು ತರಂಗಾಂತರ) ಇರಬೇಕು, ಅದನ್ನು ತಡೆಯುವ ನಿಕಲ್ ಫಿಲ್ಟರ್ ಹಾಕಿದ್ದಾರಾ ಅಂತ ಆಪರೇಟರ್ ಅವರನ್ನು ಕೇಳಿ. (100)ಕ್ಕೆ ಸ್ವಲ್ಪ ಸಿಲಿಕಾನ್ ಪುಡಿ ಬೆರೆಸಿ ನಿಧಾನಕ್ಕೆ ಸ್ಕ್ಯಾನ್ ಮಾಡಿಸಿ. ಸಿಲಿಕಾನಿನ (111) 28.44ರಲ್ಲಿ ಬರಬೇಕು, ಅದು ಎಷ್ಟು ಜರುಗಿದೆಯೋ ನೋಡಿ ಉಳಿದವನ್ನು ಸರಿಮಾಡಿಕೊಳ್ಳಿ. ಬೆರೆಸುವ ಮೊದಲು ಬ್ಯಾಟರಿ ಸೆಲ್‌ಗೆ ಬೇಕಾದಷ್ಟು ಪುಡಿ ಬೇರೆ ತೆಗೆದಿಡಿ, ಆಮೇಲೆ ಸಿಲಿಕಾನ್ ಬೇರ್ಪಡಿಸಲು ಆಗಲ್ಲ.