ಅಪ್ಪನ ಪಾರ್ಕಿನ್ಸನ್‌ಗೆ ಕಫದ ಔಷಧ, ಶುಗರ್ ಇಂಜೆಕ್ಷನ್: ಕೊಟ್ಟವರು ಇದ್ದೀರಾ?

ತುಮಕೂರಿನ ಮಗ: ಅಪ್ಪನಿಗೆ 68. ನಡುಕದ ರೋಗ ಪಾರ್ಕಿನ್ಸನ್ ಶುರುವಾಗಿ ನಾಲ್ಕು ವರ್ಷ. ಕಫಕ್ಕೆ ಕೊಡುವ ಆಂಬ್ರೊಕ್ಸಾಲ್, ಶುಗರ್‌ನ ಇಂಜೆಕ್ಷನ್, ಇವು ರೋಗ ಹೆಚ್ಚಾಗದಂತೆ ತಡೆಯಬಹುದು ಅಂತ ಓದಿದೆ. ಅನುಭವ ಇದ್ದವರು ಹೇಳಿ.

ಹಾಸನದ ಸೊಸೆ: ಮಾವನಿಗೆ ಇಂಜೆಕ್ಷನ್ ಕೊಡಿಸಿದ್ದು ನಾನೇ. 2024ರಲ್ಲಿ ಫ್ರಾನ್ಸಿನಲ್ಲಿ 156 ಜನರ ಮೇಲೆ ಲಿಕ್ಸಿಸೆನಟೈಡ್ ಅನ್ನೋ ಶುಗರ್ ಇಂಜೆಕ್ಷನ್‌ನ ಪರೀಕ್ಷೆ ಆಯ್ತಲ್ಲ, ಅದನ್ನು ಓದಿಯೇ. ಅದು ಸಿಗಲಿಲ್ಲ, ಅದೇ ಗುಂಪಿನ ಇನ್ನೊಂದು ತಂದೆವು. ತಿಂಗಳಿಗೆ ಒಂಬತ್ತು ಸಾವಿರ, ಏಳು ತಿಂಗಳಿಗೆ 63,000. ತೂಕ 61ರಿಂದ 53ಕ್ಕೆ ಇಳಿಯಿತು. ಬೆಳಗಿನ ಪಾರ್ಕಿನ್ಸನ್ ಮಾತ್ರೆ ಸಿಂಡೋಪಾ ರಾಗಿ ಗಂಜಿ ಜೊತೆಗೇ ವಾಂತಿಯಾಗುತ್ತಿತ್ತು. ಅರ್ಧ ಕರಗಿದ ಮಾತ್ರೆ ನೋಡುತ್ತಾ, ಇನ್ನೊಂದು ಕೊಡಲೋ ಬೇಡವೋ ಅಂತ ಬೇಸಿನ್ ಹಿಡಿದು ನಿಂತಿದ್ದೇನೆ. ಫ್ರಾನ್ಸಿನಲ್ಲೂ ಔಷಧ ತಗೊಂಡವರಲ್ಲಿ ನೂರಕ್ಕೆ 46 ಜನಕ್ಕೆ ಓಕರಿಕೆ. ಅದನ್ನು ನಾನು ಆಮೇಲೆ ಓದಿದೆ.

ಧಾರವಾಡದ ನಿವೃತ್ತ ಮೇಷ್ಟ್ರು: ಸುಮ್ನೆ ಹಣ ಸುರಿದಿರಿ ತಾಯಿ. ಬ್ರಿಟನ್ನಿನಲ್ಲಿ 194 ಜನರಿಗೆ 96 ವಾರ ಅದೇ ಗುಂಪಿನ ಎಕ್ಸೆನಟೈಡ್ ಪರೀಕ್ಷೆ ಮಾಡಿದರು. 2025ರಲ್ಲಿ ಉಪಯೋಗವಿಲ್ಲ ಅಂತ ಬಂತು. ನನ್ನ ಹೆಂಡತಿಗೆ ಅಮಾಂಟಡಿನ್ ಕೊಟ್ಟೆವು. ಅದೂ ಬೇರೆ ರೋಗದ್ದೇ, ಮೊದಲು ಫ್ಲೂಗೆ ಕೊಡುತ್ತಿದ್ದದ್ದು. 1968ರಲ್ಲಿ ಪಾರ್ಕಿನ್ಸನ್ ಇದ್ದ ಅಮೆರಿಕದ ಒಬ್ಬ ಹೆಂಗಸು ಫ್ಲೂಗೆ ಅಂತ ತಗೊಂಡಾಗ ನಡುಕ, ಬಿಗಿತ ಕಮ್ಮಿಯಾಯಿತು, ಬಿಟ್ಟಾಗ ಮತ್ತೆ ಬಂತು. ಹಾಗೆ ಗೊತ್ತಾದದ್ದು. ಇವಳಿಗೂ ಮೈ ತಾನಾಗಿ ತಿರುಚುವುದು ನಿಂತಿತು. ಆದರೆ ಪಾದ ಊದಿಕೊಂಡವು, ಕಾಲಿನ ಮೇಲೆ ಬಲೆಯಂಥ ನೀಲಿ ಗೆರೆ. ರಾತ್ರಿ ಎದ್ದು, ಪಡಸಾಲೆಯಲ್ಲಿ ಮಕ್ಕಳು ಕೂತಿದ್ದಾವೆ, ಊಟ ಹಾಕಿ ಅನ್ನುತ್ತಿದ್ದಳು.

ಹಾಸನದ ಸೊಸೆ: ಅಮಾಂಟಡಿನ್ ರೋಗವನ್ನು ತಡೆಯಲ್ಲ ಸಾರ್, ತೊಂದರೆ ಕಮ್ಮಿ ಮಾಡುತ್ತೆ ಅಷ್ಟೇ. ಅವರು ಕೇಳಿದ್ದು ತಡೆಯೋದು. ನನ್ನ ಹಣದ ಲೆಕ್ಕ ನಾನು ನೋಡಿಕೊಳ್ತೀನಿ.

ಮೈಸೂರಿನಿಂದ: ಆಂಬ್ರೊಕ್ಸಾಲ್ ಅಣ್ಣನಿಗೆ ಕೊಟ್ಟೆ, ಕೇಳಿ. 2020ರ ಲಂಡನ್ ಪರೀಕ್ಷೆಯಲ್ಲಿ ಕೊಟ್ಟದ್ದು ದಿನಕ್ಕೆ 1.26 ಗ್ರಾಂ. ನಮ್ಮ ಅಂಗಡಿಯಲ್ಲಿ ಸಿಗುವುದು 30 ಮಿಲಿಗ್ರಾಂ ಮಾತ್ರೆ. ಅಂದರೆ ದಿನಕ್ಕೆ 42! ಅದಾಗದು ಅಂತ ಸಿರಪ್ ತಂದೆ. ಅದರಲ್ಲಿ ಉಸಿರುನಾಳ ಸಡಿಲಿಸುವ ಟರ್ಬುಟಲಿನ್ ಕೂಡ ಇರುತ್ತೆ. ಎದೆ ಹೊಡೆದುಕೊಂಡಿತು, ನಡುಕ ಇನ್ನೂ ಜಾಸ್ತಿ. ಸಾರು ಕಲಸಿದ ಅನ್ನ ತುತ್ತು ತುತ್ತಾಗಿ ಪಂಚೆ ಮೇಲೆ ಬೀಳುತ್ತಿತ್ತು. ಮೂರನೇ ದಿನ ನಿಲ್ಲಿಸಿದೆ. ಬ್ರಿಟನ್ನಿನಲ್ಲಿ ಈಗ 330 ಜನರ ದೊಡ್ಡ ಪರೀಕ್ಷೆ ಶುರುವಾಗಿದೆ. ಅದರ ಫಲ ಬರುವ ತನಕ ಮುಟ್ಟಲ್ಲ.

ಧಾರವಾಡದ ನಿವೃತ್ತ ಮೇಷ್ಟ್ರು: ಡಾಕ್ಟರನ್ನು ಕೇಳದೆ ಸಿರಪ್ ಕುಡಿಸಿದಿರಾ? ಇದು ಅಪರಾಧ.

ಮೈಸೂರಿನಿಂದ: ನಮ್ಮ ಡಾಕ್ಟರು ಮೂರು ತಿಂಗಳಿಗೊಮ್ಮೆ ಐದು ನಿಮಿಷ ಸಿಗ್ತಾರೆ. ಮಲಬದ್ಧತೆ ಹೇಳಲೋ, ಬಿದ್ದದ್ದು ಹೇಳಲೋ, ಇದನ್ನು ಕೇಳಲೋ? ಅಣ್ಣನನ್ನು ಎತ್ತಿ ಕೂರಿಸುವವನು ನಾನು. ಅಪರಾಧ ಅನ್ನಬೇಡಿ.

ಹಾಸನದ ಸೊಸೆ: ಮೇಷ್ಟ್ರೇ, ಜಗಳ ಇರಲಿ. ಆ ಮಕ್ಕಳು ಕಾಣಿಸುವುದು ನಿಂತಿತಾ? ಮಾವ ಮೊನ್ನೆಯಿಂದ ಕಿಟಕಿ ಹತ್ತಿರ ಯಾರನ್ನೋ ಮಾತಾಡಿಸ್ತಿದ್ದಾರೆ.

ಧಾರವಾಡದ ನಿವೃತ್ತ ಮೇಷ್ಟ್ರು: ಡಾಕ್ಟರು ಡೋಸ್ ಇಳಿಸಿದ ಮೇಲೆ ಹನ್ನೊಂದು ದಿನಕ್ಕೆ ನಿಂತಿತು ತಾಯಿ. ನಾಳೆಯೇ ಫೋನ್ ಮಾಡಿ ಅವರಿಗೆ ಹೇಳಿ.