ಓಪನ್ ಸೋರ್ಸ್ ಸಾಫ್ಟ್‌ವೇರ್ ಪೆನ್‌ಡ್ರೈವ್‌ಗೆ ಹಾಕಿ ಮಾರಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಸಿದ್ದಾಪುರ:
ಸಣ್ಣ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಹಳ್ಳಿಗಳ ಕಡೆ ನೆಟ್‌ವರ್ಕ್ ಕಥೆ ನಿಮಗೆ ಗೊತ್ತೇ ಇದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಪತ್ರ-ಲೆಕ್ಕ ಬರೆಯುವ ಲಿಬ್ರೆಆಫೀಸ್, ವಿಡಿಯೊ ನೋಡುವ ವಿಎಲ್‌ಸಿ, ಫೋಟೊ ತಿದ್ದುವ ಗಿಂಪ್, ಫೈರ್‌ಫಾಕ್ಸ್ ಬ್ರೌಸರ್, ಒಂದಿಷ್ಟು ಕನ್ನಡ ಫಾಂಟ್ ಎಲ್ಲ ಒಂದೇ ಪೆನ್‌ಡ್ರೈವ್‌ಗೆ ಹಾಕಿ 500 ರೂಪಾಯಿಗೆ ಕೊಡೋಣ ಅಂತಿದ್ದೇನೆ. ಪುಕ್ಕಟೆ ಸಿಗುವುದನ್ನು ಮಾರಿದರೆ ಕೇಸ್ ಬೀಳುತ್ತದೆ ಅಂತ ಒಬ್ಬರು ಹೆದರಿಸಿದರು. ಹೌದಾ?

ಶಿರಸಿಯಿಂದ:
ಮಾರಬಹುದು, ಹೆದರಬೇಡಿ. ಓಪನ್ ಸೋರ್ಸ್ ಅಂದರೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂ ಬರೆದ ಮೂಲ ಸಾಲುಗಳು, ಎಲ್ಲರಿಗೂ ತೆರೆದಿರುವ ಸಾಫ್ಟ್‌ವೇರ್. ಬೇರೆ ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರುವುದಕ್ಕೆ ಲೈಸೆನ್ಸ್ ಅಡ್ಡ ಬಂದರೆ ಅದನ್ನು ಓಪನ್ ಸೋರ್ಸ್ ಅಂತ ಕರೆಯುವುದೇ ಇಲ್ಲ. ಇಂಥ ಲೈಸೆನ್ಸ್‌ಗಳಲ್ಲಿ ಒಂದಾದ ಜಿಪಿಎಲ್‌ನ 2007ರ 3ನೇ ಆವೃತ್ತಿಯಲ್ಲಿ, ಒಂದು ಪ್ರತಿಗೆ ಎಷ್ಟು ಬೇಕಾದರೂ ದುಡ್ಡು ತಗೊಳ್ಳಿ ಅಂತ ನೇರವಾಗಿಯೇ ಬರೆದಿದ್ದಾರೆ. ತೊಂದರೆ ಬರುವುದು ದುಡ್ಡಿನಿಂದಲ್ಲ, ಷರತ್ತು ಮುರಿದಾಗ. ನಾನು ಮುರಿದಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಜಿಪಿಎಲ್ ಅಡಿ ಇದ್ದ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಂಡು ಇಲ್ಲಿನ ಅಡಿಕೆ ವ್ಯಾಪಾರಿಗಳಿಗೆ ಹೊಂದುವ ಹಾಗೆ ಬದಲಾಯಿಸಿದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇರೆ ಕಾಲಂ, ಚೀಲದ ತೂಕ ಕಳೆದು ಕ್ವಿಂಟಾಲ್ ಲೆಕ್ಕ, ಬಿಲ್ ಕನ್ನಡದಲ್ಲಿ. ರಾತ್ರಿ ಕೂತು ಮಾಡಿದ ಕೆಲಸ, ಅದಕ್ಕೆ ದುಡ್ಡು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ 'ಅಬೌಟ್' ಕಿಟಕಿಯಲ್ಲಿ ಮೂಲ ಬರೆದವರ ಹೆಸರೆಲ್ಲ ಅಳಿಸಿ ನನ್ನ ಅಂಗಡಿ ಹೆಸರು ಹಾಕಿದೆ. ಲೈಸೆನ್ಸ್ ಫೈಲ್ ಕೂಡ ತೆಗೆದೆ. ಒಬ್ಬ ಗಿರಾಕಿಯ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಸ್ಕ್ರೀನ್ ನೋಡಿದ ಕೂಡಲೇ ಗುರುತು ಹಿಡಿದು, "ಅಣ್ಣಾ, ಇದರ ಸೋರ್ಸ್ ಕೋಡ್ ಕೊಡ್ತೀರಾ?" ಅಂದ. ಕೊಡಲ್ಲ ಅಂದೆ. ಅವನು ಫೋನಿನಲ್ಲಿ ಲೈಸೆನ್ಸ್ ತೆಗೆದು, ಕೊಂಡವರಿಗೆ ಅದನ್ನು ಕೇಳುವ ಹಕ್ಕಿದೆ ಅನ್ನುವ ಸಾಲು ತೋರಿಸಿದ. ಅವನ ಅಪ್ಪನ ಎದುರಿಗೆ ನನಗೆ ಮಾತೇ ಹೊರಡಲಿಲ್ಲ.

ಷರತ್ತು ಮುರಿದರೆ ಲೈಸೆನ್ಸ್ ಕೈತಪ್ಪುತ್ತದೆ, ಆಮೇಲೆ ನೀವು ಮಾರುವುದು ಕದ್ದ ಪ್ರತಿಯ ಹಾಗೆಯೇ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನೂ ಸಾಹಿತ್ಯ ಕೃತಿ ಅಂತಲೇ ನೋಡುತ್ತದೆ. ಗೊತ್ತಿದ್ದೂ ಮಾಡಿದರೆ 63ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ. ನಾನು ಎಲ್ಲ ಗಿರಾಕಿಗಳ ಹತ್ತಿರ ಹೋಗಿ ಹೆಸರುಗಳನ್ನು ವಾಪಸ್ ಹಾಕಿದೆ, ಸೋರ್ಸ್ ಕೋಡನ್ನೂ ಕೊಟ್ಟು ಬಂದೆ. ಒಬ್ಬರೂ ಬಿಟ್ಟು ಹೋಗಲಿಲ್ಲ. ಅಡಿಕೆ ಸುಗ್ಗಿಯಲ್ಲಿ ಪ್ರಿಂಟರ್ ನಿಂತರೆ ಈಗಲೂ ನನಗೇ ಫೋನ್ ಮಾಡುತ್ತಾರೆ, ವರ್ಷದ ದುಡ್ಡೂ ಕೊಡುತ್ತಾರೆ.

ನೀವು ಮಾಡಬೇಕಾದ್ದು ಸುಲಭ. ಗಿಂಪ್, ವಿಎಲ್‌ಸಿ ಜಿಪಿಎಲ್‌ನವು, ಅವುಗಳ ಸೋರ್ಸ್ ಕೋಡ್ ಅದೇ ಪೆನ್‌ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ ಹಾಕಿಬಿಡಿ. ನೀವು ಕೊಡುವ ಆವೃತ್ತಿಯದ್ದೇ ಇರಬೇಕು, ಹಳೆಯದಲ್ಲ. ಕೇಳಿದವರಿಗೆ ಸೋರ್ಸ್ ಕೊಡುತ್ತೇನೆ ಅಂತ ಬರೆದುಕೊಡುವ ದಾರಿಯೂ ಇದೆ, ಆದರೆ ಅದಕ್ಕೆ ಕಡಿಮೆ ಅಂದರೂ 3 ವರ್ಷ ಬದ್ಧರಾಗಿರಬೇಕು. ಅಷ್ಟು ತಲೆನೋವು ಯಾಕೆ? ಲಿಬ್ರೆಆಫೀಸ್ ಎಂಪಿಎಲ್ ಅನ್ನುವ ಬೇರೆ ಲೈಸೆನ್ಸ್‌ನದು, ಸೋರ್ಸ್ ಎಲ್ಲಿ ಸಿಗುತ್ತದೆ ಅಂತ ತಿಳಿಸಿದರೆ ಸಾಕು. ಮತ್ತೆ, ಕೊಂಡವರು ಪಕ್ಕದ ಮನೆಯವರಿಗೆ ಕಾಪಿ ಮಾಡಿಕೊಟ್ಟರೆ ಬೇಡ ಅನ್ನುವ ಹಾಗಿಲ್ಲ, ಅದು ಅವರ ಹಕ್ಕು.

ಕಾರವಾರದಿಂದ:
ಮೇಲಿನವರು ಹೇಳಿದ್ದು ಸರಿ. ಇನ್ನೆರಡು ವಿಷಯ ಸೇರಿಸುತ್ತೇನೆ. ಕೋಡ್ ಓಪನ್ ಅಂದ ಮಾತ್ರಕ್ಕೆ ಹೆಸರು, ಲೋಗೊ ಓಪನ್ ಅಲ್ಲ, ಅದು ಟ್ರೇಡ್‌ಮಾರ್ಕ್. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರು ಅದನ್ನು ಬದಲಾಯಿಸದೆ ಹಂಚಿ ಅನ್ನುತ್ತಾರೆ, ಆದರೆ ಆ ಹೆಸರಿನಲ್ಲಿ ದುಡ್ಡು ತಗೊಳ್ಳಬೇಡಿ ಅನ್ನುತ್ತಾರೆ. ಸೆಂಟ್‌ಓಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್‌ನವರು ಅದನ್ನು ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್‌ನ ಸೋರ್ಸ್ ತಗೊಂಡೇ ಕಟ್ಟಿದ್ದರು, ಆದರೆ ಹೆಸರು, ಲೋಗೊ ಪೂರ್ತಿ ತೆಗೆದು.

ಎರಡನೆಯದು ಫಾಂಟ್. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನೋಟೊ ಸಾನ್ಸ್ ಕನ್ನಡದಂಥವು ಓಪನ್ ಫಾಂಟ್ ಲೈಸೆನ್ಸ್ ಅಡಿ ಬರುತ್ತವೆ. ಬೇರೆ ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು, ಬರೀ ಫಾಂಟ್ ಮಾತ್ರ ಮಾರುವ ಹಾಗಿಲ್ಲ. ನಾನು ಮದುವೆ ಕಾರ್ಡ್ ಡಿಸೈನ್ ಮಾಡುವವನು, ಫಾಂಟ್ ಪ್ಯಾಕ್ ಮಾಡಿ ಮಾರುವ ಯೋಚನೆ ನನಗೂ ಇತ್ತು. ಲೈಸೆನ್ಸ್ ಓದಿ ಕೈಬಿಟ್ಟೆ. ಸ್ವಂತ ಬಳಕೆಗೆ ಮಾತ್ರ ಅಂತ ಬರೆದ ಫಾಂಟ್‌ಗಳನ್ನಂತೂ ಮುಟ್ಟಲೇಬೇಡಿ.

ಕುಮಟಾದಿಂದ:
ಗಿರಾಕಿಗೆ ಮೊದಲೇ ಹೇಳಿಬಿಡಿ, ಇದು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ ಅಂತ. ನಾನು ಬಿಲ್‌ನಲ್ಲಿ ಸಾಫ್ಟ್‌ವೇರ್‌ಗೆ ಸೊನ್ನೆ ಹಾಕಿ, ಪೆನ್‌ಡ್ರೈವ್‌ಗೆ ಇಷ್ಟು, ಹಾಕಿಕೊಟ್ಟಿದ್ದಕ್ಕೆ ಇಷ್ಟು ಅಂತ ಬೇರೆ ಬೇರೆ ಬರೆಯುತ್ತೇನೆ. ಮೋಸ ಮಾಡಿದ್ರಿ ಅಂತ ಯಾರೂ ಬಂದಿಲ್ಲ. ಮತ್ತೆ, ಮೂಲ ಸೈಟಿನಿಂದಲೇ ಇಳಿಸಿ, ಸಿಕ್ಕ ಸಿಕ್ಕ ಕಡೆಯಿಂದ ಬೇಡ.

ಕೇಳಿದವರು, ಸಿದ್ದಾಪುರ:
ಎಲ್ಲರಿಗೂ ಧನ್ಯವಾದ. ಫೈರ್‌ಫಾಕ್ಸ್ ಪಟ್ಟಿಯಿಂದ ತೆಗೆದೆ. ಗಿಂಪ್ ಸೋರ್ಸ್ ಇಳಿಯುತ್ತಾ ಇದೆ, ಕರೆಂಟ್ ಹೋಗದಿದ್ದರೆ ರಾತ್ರಿಯೊಳಗೆ ಮುಗಿಯಬಹುದು.